ದಿನಕ್ಕೆ ಮೂವತ್ತನಾಲ್ಕು ಸಜ್ದಾ

ಶಾಬಾನ್ ಹನ್ನೊಂದು, ಬುಧವಾರ
ಮಧ್ಯಾಹ್ನದ ನಮಾಜಿನ ನಂತರ

ಪ್ರೀತಿಯ ತಂಗಿಗೆ,

ಅಸ್ಸಲಾಮು ಅಲೈಕುಂ. ಸಲಾಮಿಗೆ ಉತ್ತರ ಕೊಡುವುದು ಕಡ್ಡಾಯ ಅನ್ನುವುದು ನಿನಗೂ ಗೊತ್ತು. ಹಾಗಾಗಿ ನಾಲ್ಕು ವರ್ಷದ ಮೇಲೆ ನೀನು ನನಗೆ ಮನಸ್ಸಿನಲ್ಲಾದರೂ ಒಂದು ಮಾತು ಆಡಿದಂತಾಯಿತು. ಅಷ್ಟೇ ಧೈರ್ಯದ ಮೇಲೆ ಮುಂದೆ ಬರೆಯುತ್ತೇನೆ. ಇದು ಬರೀ ಆರೋಗ್ಯ ಸಮಾಚಾರದ ಪತ್ರ, ಬೇರೇನೂ ಅಲ್ಲ. ಮೊದಲೇ ಹೇಳಿಬಿಟ್ಟಿದ್ದೇನೆ.

ನನ್ನ ಬಲ ಮಂಡಿಯನ್ನು ತೆಗೆದು ಹೊಸದು ಹಾಕಿದ್ದಾರೆ. ಎರಡೂವರೆ ತಿಂಗಳಾಯಿತು. ನಿನಗೆ ಯಾರೂ ಹೇಳಿರಲಿಕ್ಕಿಲ್ಲ, ಹೇಳಬೇಡ ಎಂದು ಮಗನಿಗೆ ತಾಕೀತು ಮಾಡಿದವಳು ನಾನೇ. ನಿನಗೆ ಸುಮ್ಮನೆ ಯಾಕೆ ತೊಂದರೆ ಎಂದು. ವೈದ್ಯರು ಎಕ್ಸ್‌ರೇ ಬೆಳಕಿಗೆ ಹಿಡಿದು, ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದಿದ್ದೀರಿ, ಅದರ ಮೇಲೆ ಮೈಭಾರ ಬೇರೆ, ಅದಕ್ಕೇ ಸವೆದಿದೆ ಎಂದರು. ನಮಾಜಿನಲ್ಲಿ ಮಂಡಿಯೂರಿ ಸಜ್ದಾ ಮಾಡಿ ಮಾಡಿ ಸವೆದಿರಬೇಕು ಎಂದು ನಾನು ತಿದ್ದಿದೆ. ಅವರು ಅದನ್ನು ಬರೆದುಕೊಳ್ಳಲಿಲ್ಲ.

ಈಗ ನನ್ನ ಮಂಚ ಹೊಲಿಗೆಯ ಕೋಣೆಗೆ ಬಂದಿದೆ. ಬಟ್ಟೆ ಕತ್ತರಿಸುವ ಮೇಜಿನ ತುಂಬ ಮಾತ್ರೆ, ಮುಲಾಮು. ಕಲಿಯುವ ಹುಡುಗಿಯರು ಎಂದಿನಂತೆ ಬರುತ್ತಾರೆ. ಮೊದಲು ನಿಂತು ಬೈಯುತ್ತಿದ್ದೆ, ಈಗ ಮಲಗಿ ಬೈಯುತ್ತೇನೆ. ಅವರು ನನಗೆ ಇಟ್ಟಿರುವ ಅಡ್ಡಹೆಸರು ಗಜಕಡ್ಡಿ ಎಂದು ನನಗೆ ಗೊತ್ತಿದೆ ಅನ್ನುವುದು ಅವರಿಗೆ ಗೊತ್ತಿಲ್ಲ.

ವಾರಕ್ಕೆ ಮೂರು ದಿನ ಮನೆಗೆ ಬಂದು ಕಾಲಿಗೆ ಕಸರತ್ತು ಮಾಡಿಸಲು ಆಸ್ಪತ್ರೆಯವರು ಒಬ್ಬ ಹೆಂಗಸನ್ನು ಕಳಿಸಿದರು. ನಲವತ್ತರ ಆಸುಪಾಸು, ದುಂಡು ಮೈ, ನಡೆದು ಬಂದರೆ ಕಪಾಟಿನ ಗಾಜು ಅದುರುತ್ತದೆ. ಅವಳಿಗೆ ನಾನು ಕಸರತ್ತಮ್ಮ ಎಂದು ಹೆಸರಿಟ್ಟೆ. ಅಡ್ಡಹೆಸರು ಇಡುವ ಹಕ್ಕು ಹುಡುಗಿಯರಿಗೆ ಮಾತ್ರವೇ? ಅವಳು ನಮ್ಮ ಮತದವಳಲ್ಲ. ನಮಾಜು ಅಂದರೆ ದೂರದಿಂದ ಕೇಳಿದ ಬಾಂಗು, ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಮೊದಲ ದಿನವೇ ಒಂದು ಫಾರಂ ತೆಗೆದು ಪೆನ್ನು ಹಿಡಿದು ಕೂತಳು.

"ಅಮ್ಮಾ, ಇಲ್ಲಿ ನಿಮ್ಮ ಗುರಿ ಏನು ಅಂತ ಬರೀಬೇಕು."

"ಅರವತ್ತಾರು ಆಯ್ತಮ್ಮ ನಂಗೆ. ಇನ್ನೆಂಥ ಗುರಿ?"

"ಕಾಲು ವಾಸಿ ಆದ್ಮೇಲೆ ಏನ್ ಮಾಡ್ಬೇಕು ಅಂತಿದೀರಿ? ಒಬ್ರು ಮಹಡಿ ಹತ್ತಬೇಕು ಅಂತಾರೆ, ಒಬ್ರು ಮೊಮ್ಮಗು ಎತ್ಕೋಬೇಕು ಅಂತಾರೆ."

"ನೆಲಕ್ಕೆ ಹಣೆ ಹಚ್ಚಬೇಕು," ಎಂದೆ.

ಅವಳು ಮುಖ ಎತ್ತದೆ ಹಾಗೇ ಬರೆದುಕೊಂಡು, ದಿನಕ್ಕೆ ಎಷ್ಟು ಸಲ ಎಂದು ಕೇಳಿದಳು. ನಾನು ಬೆರಳು ಮಡಿಚಿ ಲೆಕ್ಕ ಹೇಳಿದೆ. ದಿನಕ್ಕೆ ಐದು ಹೊತ್ತು. ನಸುಕಿನಲ್ಲಿ ಎರಡು ರಕಾತ್, ಮಧ್ಯಾಹ್ನ ನಾಲ್ಕು, ಇಳಿಹೊತ್ತಿಗೆ ನಾಲ್ಕು, ಸೂರ್ಯ ಮುಳುಗಿದ ಮೇಲೆ ಮೂರು, ರಾತ್ರಿ ನಾಲ್ಕು. ಒಂದೊಂದು ರಕಾತಿಗೂ ನಿಲ್ಲಬೇಕು, ಓದಬೇಕು, ಬಾಗಬೇಕು, ಎದ್ದು ಮತ್ತೆ ನೆಲಕ್ಕಿಳಿದು ಎರಡು ಸಲ ಸಜ್ದಾ ಮಾಡಬೇಕು. ಒಟ್ಟು ಮೂವತ್ತನಾಲ್ಕು. ಇದು ಕಡ್ಡಾಯದ್ದು ಮಾತ್ರ, ನಾನು ಮೇಲಿನ ಸುನ್ನತ್ ನಮಾಜನ್ನೂ ಬಿಡುವವಳಲ್ಲ, ಸೇರಿಸಿದರೆ ಅರವತ್ತು ದಾಟುತ್ತದೆ ಎಂದೆ. ಪೆನ್ನು ಕೆಳಗಿಟ್ಟಳು.

"ಜಿಮ್ಮಿಗೆ ಹೋಗೋ ಹುಡುಗ್ರೂ ಇಷ್ಟು ಮಾಡಲ್ಲಮ್ಮಾ."

ನನಗೆ ಎದೆಯುಬ್ಬಿತು. ಬಲ ಹೆಗಲಿನಲ್ಲಿ ಕೂತು ಪುಣ್ಯ ಬರೆಯುವ ದೇವದೂತ ಮಲಕ್ ಆ ಅರವತ್ತನ್ನು ಬರೆದುಕೊಂಡಿದ್ದರೆ, ಎಡ ಹೆಗಲಿನಲ್ಲಿ ಪಾಪ ಬರೆಯುವವನು ಆ ಎದೆಯುಬ್ಬನ್ನು ಅದೇ ಕ್ಷಣದಲ್ಲಿ ಬರೆದುಕೊಂಡಿರುತ್ತಾನೆ.

ಯಾವ ಭಂಗಿಗೆ ಮಂಡಿ ಎಷ್ಟು ಮಡಚಬೇಕು ಎಂದು ಅವಳು ಅಳೆಯಬೇಕಂತೆ. ನನಗೆ ಮಾಡಿ ತೋರಿಸಲು ಆಗದು. ಸರಿ, ತಾನೇ ಮಾಡಿ ನೋಡುತ್ತೇನೆಂದು ಚಾಪೆ ಹಾಸಿಕೊಂಡು ಕಪಾಟಿನ ಕಡೆ ಮುಖ ಮಾಡಿ ನಿಂತಳು. ನಮಾಜಿಗೆ ಮುಖ ಮಾಡಬೇಕಾದ ಕಿಬ್ಲಾ ಆ ಕಡೆ ಅಲ್ಲ, ಕಿಟಕಿಯ ಕಡೆ ಎಂದು ತಿರುಗಿಸಿದೆ. ಯಾವ ಕಡೆ ತಿರುಗಿದರೂ ಮಂಡಿ ಮಡಚುವುದು ಅಷ್ಟೇ ತಾನೆ ಎಂದಳು. ನಿನಗೆ ಅಷ್ಟೇ, ನೋಡುವ ನನಗೆ ಅಷ್ಟೇ ಅಲ್ಲ ಎಂದೆ. ಬೆನ್ನು ನೇರ ಮಾಡಿಸಿದೆ. ಸಜ್ದಾದಲ್ಲಿ ಹಣೆಯ ಜೊತೆ ಮೂಗು, ಎರಡು ಅಂಗೈ, ಎರಡು ಮಂಡಿ, ಎರಡು ಪಾದದ ಬೆರಳು, ಎಲ್ಲ ನೆಲ ಮುಟ್ಟಬೇಕು ಎಂದು ಮಲಗಿದಲ್ಲಿಂದಲೇ ಒಂದೊಂದಾಗಿ ಸರಿಪಡಿಸಿದೆ. ಅಷ್ಟರಲ್ಲಿ ಹುಡುಗಿಯರು ಹೊಲಿಗೆಗೆ ಬಂದರು. ಬಾಗಿಲಲ್ಲೇ ಬಾಯಿ ತೆರೆದು ನಿಂತರು. ಕಸರತ್ತಮ್ಮ ನೆಲಕ್ಕೆ ಮೂಗು ಒತ್ತಿಕೊಂಡೇ, "ಏನಿಲ್ರಮ್ಮ, ಅಳತೆ ತಗೊಳ್ತಿದೀನಿ," ಎಂದಳು. ಹೊಲಿಗೆ ಕಲಿಯುವವರಿಗೆ ಅದು ಸರಿಯಾಗೇ ಅರ್ಥವಾಯಿತು.

ಅಲ್ಲಿಂದ ಅವಳ ಪ್ರಶ್ನೆಗಳು ಶುರುವಾದವು. ನಮಾಜಿಗೆ ಮೊದಲು ಏನೇನು ಮಾಡುತ್ತೀರಿ ಎಂದಳು. ವುಜೂ ಹೇಳಿದೆ: ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ಒದ್ದೆ ಕೈಯಿಂದ ತಲೆ ಸವರುವುದು, ಕೊನೆಗೆ ಪಾದ. ಪಾದ ಎಲ್ಲಿ ತೊಳೆಯುತ್ತೀರಿ ಎಂದು ಕೇಳಿದಳು. ನಲ್ಲಿಯ ತೊಟ್ಟಿಗೆ ಎತ್ತಿಡುತ್ತೇನೆ ಎಂದೆ. ಆವತ್ತು ನನಗೆ ಬಿದ್ದ ಬೈಗುಳವನ್ನು ನಾನು ಯಾವ ಹುಡುಗಿಗೂ ಕೊಟ್ಟಿಲ್ಲ. ಕೂತು ಮಾಡಲು ಆಗದೇ? ಆಗುತ್ತದೆ. ಪಟ್ಟಿ ಕಟ್ಟಿದ ಜಾಗಕ್ಕೆ ನೀರು ತಾಗಿದರೆ? ಪಟ್ಟಿಯ ಮೇಲೆ ಒದ್ದೆ ಕೈ ಸವರಿದರೆ ಸಾಕು. ನೀರೇ ಮುಟ್ಟಬಾರದು ಅಂದರೆ? ಶುದ್ಧ ಮಣ್ಣು ಮುಟ್ಟಿ ಮುಖ, ಕೈ ಸವರಿಕೊಂಡರೆ ಆಯಿತು. ನಿಲ್ಲಲಾಗದಿದ್ದರೆ? ಕೂತು. ಕೂರಲಾಗದಿದ್ದರೆ? ಮಲಗಿ. ಅದೂ ಆಗದಿದ್ದರೆ? ಸನ್ನೆಯಲ್ಲಿ. ರಮ್ಜಾನಿನ ಉಪವಾಸದಲ್ಲಿ ಮಾತ್ರೆ ತಿನ್ನಬೇಕಾದರೆ? ಕಾಯಿಲೆಯವರು ಬಿಡಬಹುದು, ವಾಸಿಯಾದ ಮೇಲೆ ಹಿಡಿಯಬೇಕು, ವಾಸಿಯೇ ಆಗದಿದ್ದರೆ ಒಂದೊಂದು ದಿನಕ್ಕೆ ಒಬ್ಬ ಬಡವರಿಗೆ ಊಟ.

ಕಸರತ್ತಮ್ಮ ನನ್ನ ಹಿಮ್ಮಡಿ ಹಿಡಿದು ಎತ್ತಿ ಇಳಿಸುತ್ತ ಎಲ್ಲ ಕೇಳಿಸಿಕೊಂಡು, "ನನ್ನಂಥವಳು ಯಾರೋ ಪಕ್ಕದಲ್ಲಿ ಕೂತು ಹೇಳಿಕೊಟ್ಟ ಹಾಗಿದೆಯಲ್ಲಮ್ಮಾ. ಇದಾಗದಿದ್ರೆ ಅದು, ಅದಾಗದಿದ್ರೆ ಇದು. ಆಗಲ್ಲ ಅನ್ನೋ ಮಾತೇ ಇಲ್ಲ," ಎಂದಳು.

ಈ ರಿಯಾಯಿತಿಗಳನ್ನೆಲ್ಲ ನಾನು ಎಷ್ಟೋ ಹುಡುಗಿಯರಿಗೆ ಬಾಯಿಪಾಠ ಮಾಡಿಸಿದ್ದೇನೆ. ಯಾರಾದರೂ ಒಂದನ್ನು ಬಳಸಿಕೊಂಡರೆ ಮಾತ್ರ ನನಗೆ ಸಹಿಸುತ್ತಿರಲಿಲ್ಲ.

ಇನ್ನೊಂದು ದಿನ, ಒಂದು ಹೊತ್ತು ತಪ್ಪಿಸಿದರೆ ಯಾರಿಗೆ ಗೊತ್ತಾಗುತ್ತದೆ, ಹಾಜರಿ ಹಾಕುವವರು ಯಾರು ಎಂದಳು. ಅವಳ ಪ್ರಶ್ನೆ ಸಣ್ಣದು, ನನ್ನ ಉತ್ತರ ಉದ್ದವಾಯಿತು. ಅಲ್ಲಾಹ್ ಒಬ್ಬನೇ, ಅವನಿಗೆ ಆಕಾರವಿಲ್ಲ, ಪಾಲುದಾರರಿಲ್ಲ, ಕಾಣದ ಮಲಕ್‌ಗಳಿದ್ದಾರೆ, ಜನರಿಗೆ ದಾರಿ ಹೇಳಲು ಪ್ರವಾದಿಗಳು ಬಂದರು, ಗ್ರಂಥಗಳು ಬಂದವು, ಕೊನೆಯವರು ನಮ್ಮ ಪ್ರವಾದಿ, ಒಂದು ದಿನ ಎಲ್ಲರೂ ಎದ್ದು ಲೆಕ್ಕ ಒಪ್ಪಿಸಬೇಕು, ಒಳಿತು ಕೆಡುಕು ಎರಡೂ ಅವನ ಅರಿವಿನಲ್ಲೇ ಇವೆ. ಇಷ್ಟು ನಂಬಿಕೆ. ಮಾಡಬೇಕಾದದ್ದು ಐದು: ಅವನೊಬ್ಬನೇ ಎಂಬ ಸಾಕ್ಷ್ಯದ ಮಾತು, ನಮಾಜು, ಉಳಿತಾಯದಲ್ಲಿ ನಲವತ್ತರಲ್ಲೊಂದು ಪಾಲು ಬಡವರಿಗೆ, ರಮ್ಜಾನಿನ ಉಪವಾಸ, ಶಕ್ತಿಯಿದ್ದವರಿಗೆ ಬದುಕಿನಲ್ಲೊಮ್ಮೆ ಹಜ್. ಎರಡು ಹೆಗಲಿನ ಮೇಲೆ ಬರೆದುಕೊಳ್ಳುವವರು ಇಬ್ಬರಿದ್ದಾರೆ ಎಂದೂ ಹೇಳಿದೆ.

"ಹಾಗಾದ್ರೆ ನಿಮ್ಮ ಫಾರಂ ತುಂಬೋರಲ್ಲಿ ನಾನು ಮೂರನೇವ್ಳು," ಎಂದಳು. "ಅವ್ರಿಗೆ ಸುಳ್ಳು ಹೇಳೋಕಾಗಲ್ಲ. ನಂಗೆ ಹೇಳ್ತೀರಿ. ನಿನ್ನೆ ಕಸರತ್ತು ಮಾಡಿದ್ರಾ?"

ಮಾಡಿರಲಿಲ್ಲ.

ಎರಡನೇ ವಾರದಲ್ಲಿ ಅವಳು ಹೇಳಿಯೇಬಿಟ್ಟಳು: ಆರು ತಿಂಗಳವರೆಗೆ ನೆಲಕ್ಕೆ ಇಳಿಯುವ ಮಾತೇ ಆಡಬೇಡಿ. ಆಮೇಲೂ ಆಗಬಹುದು, ಆಗದೆಯೂ ಇರಬಹುದು. ಅಲ್ಲಿಯವರೆಗೆ ಕುರ್ಚಿಯ ಮೇಲೆ ಕೂತು ಮಾಡಿ. ನಾನು ಕೂಡದು ಎಂದೆ. ನಿಮ್ಮಲ್ಲಿ ಬೇಡ ಅಂತಾರಾ ಎಂದು ಕೇಳಿದಳು. ಹೌದು, ಬೇಡ ಅಂತಾರೆ ಎಂದೆ. ಮಂಚದ ಮೇಲೆ ಕಾಲು ಚಾಚಿ ಕೂತು ಮಾಡುತ್ತೇನೆ, ಕುರ್ಚಿ ಮಾತ್ರ ಬೇಡ ಎಂದೆ.

ಯಾಕೆ ಎಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ಈ ನಾಲ್ಕು ವರ್ಷದಲ್ಲಿ ಆ ಕಥೆಯನ್ನು ನಾನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ, ನನಗೆ ನಾನೂ ಹೇಳಿಕೊಂಡಿಲ್ಲ. ಆ ರಮ್ಜಾನಿನಲ್ಲಿ ನೀನು ಬೆನ್ನುನೋವು ಹೊತ್ತುಕೊಂಡು ನನ್ನ ಮನೆಗೆ ಬಂದಿದ್ದೆ. ಮಸೀದಿಯಲ್ಲಿ ಹೆಂಗಸರ ಕೋಣೆಗೆ ರಾತ್ರಿಯ ನಮಾಜಿಗೆ ಬಂದೆ, ಮಡಚುವ ಕುರ್ಚಿಯೊಂದನ್ನು ತಂದು ಮೊದಲ ಸಾಲಿನಲ್ಲಿ ನನ್ನ ಪಕ್ಕ ಹಾಕಿಕೊಂಡೆ. ಅಕ್ಕನ ಪಕ್ಕ ನಿಲ್ಲಬೇಕೆಂದು ಹಾಕಿಕೊಂಡೆ, ಮೆರೆಯಬೇಕೆಂದು ಅಲ್ಲ. ನಾನು ಕೋಣೆಯಿಡೀ ಕೇಳುವಂತೆ, "ಸಿಂಹಾಸನ ತಂದವ್ರು ಹಿಂದೆ ಹಾಕ್ಕೊಳ್ಳಿ," ಎಂದೆ. ಎಲ್ಲರೂ ನಕ್ಕರು. ನೀನು ಕುರ್ಚಿ ಮಡಚಿ ಹಿಂದೆ ಹೋದೆ. ನಮಾಜು ಮುಗಿಸಿ, ಎಲ್ಲರಿಗೂ ಸಲಾಂ ಹೇಳಿ, ಮಾರನೆಯ ಬೆಳಗಿನ ಮೊದಲ ಬಸ್ಸಿಗೆ ಹೊರಟುಹೋದೆ. ನಾನು ಒಳ್ಳೆಯ ಮಾತು ಹೇಳಿದೆ ಎಂದೇ ಅಂದುಕೊಂಡಿದ್ದೆ. ನಗು ಬಿದ್ದಿತ್ತಲ್ಲ.

ಈಗ ಆರೋಗ್ಯ ಸಮಾಚಾರಕ್ಕೆ ಬರುತ್ತೇನೆ. ಐದನೇ ವಾರದಲ್ಲಿ ನಾನು ಬಿದ್ದೆ. ಬಿದ್ದೆ ಅನ್ನುವುದೂ ಸರಿಯಲ್ಲ. ಇಳಿಹೊತ್ತಿನ ಅಸರ್ ನಮಾಜಿನ ಸಮಯ, ಮನೆಯಲ್ಲಿ ಯಾರೂ ಇರಲಿಲ್ಲ. ಒಂದೇ ಒಂದು ಸಲ ಇಳಿದು ನೋಡೋಣ ಅನ್ನಿಸಿತು. ಮಂಚ ಹಿಡಿದು, ಮೇಜಿನ ಕಾಲು ಹಿಡಿದು, ಬಲಗಾಲನ್ನು ಪಕ್ಕಕ್ಕೆ ಚಾಚಿಕೊಂಡು ಹೇಗೋ ಚಾಪೆಗೆ ಇಳಿದೆ. ಹಣೆ ನೆಲ ಮುಟ್ಟಿತು. ಐದು ವಾರದ ಮೇಲೆ ಮುಟ್ಟಿತು. ಎಷ್ಟು ಸುಖವಾಯಿತು ಎಂದರೆ ಏಳುವುದು ಹೇಗೆ ಅನ್ನುವ ಯೋಚನೆಯೇ ಬರಲಿಲ್ಲ. ಬಂದಾಗ ಹೊತ್ತು ಮೀರಿತ್ತು. ಆ ಕಡೆ ಕೈ ಊರಿದರೆ ಮಂಡಿ ಚುಚ್ಚುತ್ತದೆ, ಈ ಕಡೆ ಊರಿದರೆ ಸೊಂಟ ಹಿಡಿಯುತ್ತದೆ. ಹಾಗೇ ಇದ್ದೆ.

ಸಜ್ದಾದಲ್ಲಿ ಹೇಳುವ ಮಾತು ಮೂರು ಸಲ. ನಾನು ಮುನ್ನೂರು ಸಲ ಹೇಳಿರಬೇಕು. ಆಮೇಲೆ ಗೊತ್ತಿದ್ದ ದುವಾಗಳೆಲ್ಲ ಮುಗಿದವು. ಅರಬಿ ಖಾಲಿಯಾದ ಮೇಲೆ ಕನ್ನಡದಲ್ಲಿ ಮಾತಾಡತೊಡಗಿದೆ. ತಪ್ಪಾಗಿದ್ದರೆ ಕ್ಷಮಿಸು ಎಂದೆ. "ಆಗಿದ್ದರೆ" ಯಾಕೆ ಸೇರಿಸಿದೆ ಎಂದು ನನ್ನನ್ನೇ ಕೇಳಿಕೊಂಡೆ. ನೆಲದಲ್ಲಿ ಮೂಗು ಊರಿಕೊಂಡಿದ್ದಾಗ ಮನುಷ್ಯರಿಗೆ ಅಷ್ಟು ಜಂಬ ಉಳಿಯುವುದಿಲ್ಲ. ನಿನ್ನ ಬೆನ್ನು ಆವತ್ತು ಎಷ್ಟು ನೋಯುತ್ತಿತ್ತೋ ಅನ್ನುವುದು ನನಗೆ ಮೊದಲ ಬಾರಿಗೆ ಹೊಳೆದದ್ದು ಅಲ್ಲಿ, ನೆಲದ ಮೇಲೆ ಬಿದ್ದಿದ್ದ ಗುಂಡುಸೂಜಿಯೊಂದನ್ನು ಹತ್ತಿರದಿಂದ ನೋಡುತ್ತಿದ್ದಾಗ.

ಅಷ್ಟರಲ್ಲಿ ಕಪಾಟಿನ ಗಾಜು ಅದುರಿತು. ಕಸರತ್ತಮ್ಮ ಬಂದಳು, ಬದುಕಿದೆ ಅಂದುಕೊಂಡೆ. ಅವಳು ಬಾಗಿಲಲ್ಲೇ ನಿಂತಳು. ನಿಂತೇ ಇದ್ದಳು. ಯಾಕೆಂದರೆ ನಮಾಜು ಮಾಡುವವರನ್ನು ಮಾತಾಡಿಸಬಾರದು, ಅವರ ಮುಂದೆ ಹಾಯಬಾರದು ಎಂದು ಅವಳಿಗೆ ಕಲಿಸಿದವಳು ನಾನೇ. ಚಪ್ಪಲಿ ಹೊರಗೆ ಬಿಟ್ಟು, ಸದ್ದಾಗದಂತೆ ಸ್ಟೂಲಿನ ಮೇಲೆ ಕೂತು ಕಾದಳು. ಇಳಿಯಬಾರದು ಅಂದಿದ್ದರೂ ಇಳಿದಿದ್ದಾರಲ್ಲ, ಮುಗಿಸಿ ಏಳಲಿ, ಆಮೇಲೆ ಬೈಯೋಣ ಎಂದು ಕೂತಿದ್ದಳಂತೆ. ನಮಾಜಿನಲ್ಲಿ ಏನಾದರೂ ತಿಳಿಸಬೇಕಾದರೆ ಹೆಂಗಸರು ಕೈ ತಟ್ಟಬಹುದಲ್ಲ, ನಾನು ನೆಲಕ್ಕೆ ಎರಡು ಸಲ ತಟ್ಟಿದೆ. ಅದೂ ನಮಾಜಿನ ಭಾಗ ಅಂದುಕೊಂಡು ಅವಳು ತಲೆ ಬಾಗಿಸಿದಳಂತೆ. ಮತ್ತೆ ತಟ್ಟಿದೆ. ಅವಳು ಮತ್ತಷ್ಟು ಬಾಗಿಸಿದಳು. ಹತ್ತು ನಿಮಿಷ ಹೀಗೇ ನಡೆಯಿತು. ಕಷ್ಟದಲ್ಲಿರುವವರು ನಮಾಜನ್ನು ಮುರಿಯಬಹುದು ಅನ್ನುವ ರಿಯಾಯಿತಿ ನನಗೆ ಗೊತ್ತಿತ್ತು, ಆದರೆ ಅರವತ್ತಾರು ವರ್ಷದಲ್ಲಿ ಮುರಿದವಳಲ್ಲ. ಕೊನೆಗೆ ಮುರಿದೆ.

"ಲೇ, ಎತ್ತೇ ನನ್ನ," ಎಂದೆ.

"ಅಯ್ಯೋ, ಮುಗೀತಾಮ್ಮಾ? ನಾನು ಇವತ್ತು ಜಾಸ್ತಿ ಇದೆಯೇನೋ ಅಂದ್ಕೊಂಡೆ," ಎನ್ನುತ್ತ ಬಂದು ಅನಾಮತ್ತಾಗಿ ಎತ್ತಿದಳು. ಎತ್ತುವಾಗ ಕೋಪ, ಮಂಚಕ್ಕೆ ಕೂರಿಸಿದ ಮೇಲೆ ನಗು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನನ್ನ ಕಣ್ಣಿನ ನೀರು ಅವಳದಕ್ಕಿಂತ ತಡವಾಗಿ ನಿಂತಿತು. ಅವಳು ಏನೂ ಕೇಳದೆ ಮಂಡಿಗೆ ಮಂಜುಗಡ್ಡೆ ಕಟ್ಟಿದಳು. ದೇವರ ದಯೆ, ಕೀಲಿಗೆ ಏನೂ ಆಗಲಿಲ್ಲ, ವಾರದ ಊತ ಅಷ್ಟೇ.

ಊತ ಇಳಿದ ಮೇಲೆ ಇಮಾಮರಿಗೆ ಫೋನು ಮಾಡಿದೆ. ಕುರ್ಚಿಯ ಮೇಲೆ ನಮಾಜು ಆಗುತ್ತದೆಯೇ ಎಂದು ಕೇಳಿದೆ. ಅವರು, "ನಾಲ್ಕು ವರ್ಷದ ಹಿಂದೆ ಇದೇ ಕೇಳಿದ್ರಿ, ತಾಯಿ. ಆವತ್ತು ಹೇಳಿದ್ದೇ ಇವತ್ತೂ ಹೇಳ್ತೀನಿ. ಕಾಯಿಲೆ ಇದ್ರೆ ಆಗುತ್ತೆ. ಆಗ ಯಾರಿಗೋಸ್ಕರ ಕೇಳಿದ್ರಿ?" ಎಂದರು.

ಇದನ್ನು ಬರೆಯದೆ ಬಿಡಬಹುದಿತ್ತು, ನಿನಗೆ ಗೊತ್ತಾಗುತ್ತಿರಲಿಲ್ಲ. ನೀನು ಹೋದ ಮೂರನೇ ದಿನವೇ ಅವರನ್ನು ಕೇಳಿದ್ದೆ. ನಾನು ಹೇಳಿದ್ದೇ ಸರಿ ಅನ್ನುತ್ತಾರೆ, ಅದನ್ನು ನಿನಗೆ ಹೇಳಿ ಕಳಿಸೋಣ ಎಂದು. ಅವರು ನಿನ್ನದೇ ಸರಿ ಎಂದರು. ನಾನು ಅದನ್ನು ನುಂಗಿ ಕೂತೆ. ಇಬ್ಬರು ಮೂರು ದಿನಕ್ಕಿಂತ ಹೆಚ್ಚು ಮಾತು ಬಿಟ್ಟಿರಬಾರದು ಎಂದು ಪಾಠ ಹೇಳುವವಳು, ನಾಲ್ಕು ವರ್ಷ ಬಿಟ್ಟೆ. ಆಪರೇಷನ್ ಸುದ್ದಿ ನಿನಗೆ ಮುಟ್ಟಿಸದೆ ಇದ್ದದ್ದೂ ನಿನಗೆ ತೊಂದರೆ ಎಂದಲ್ಲ. ಕೇಳಿದ್ದರೆ ನೀನು ಆವತ್ತೇ ಓಡಿ ಬರುತ್ತಿದ್ದೆ. ನೀನು ಬಂದು ನನ್ನ ಕಾಲು ಒತ್ತಿದರೆ ನಾನು ಎಲ್ಲಿ ನೋಡಲಿ?

ಕಳೆದ ಶುಕ್ರವಾರ ಮಸೀದಿಗೆ ಹೋದೆ. ಅದಕ್ಕೂ ಒಂದು ರಗಳೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಅಂದರೆ ಎಡಗಾಲು ಎಂದು ಕಸರತ್ತಮ್ಮನ ಕಟ್ಟಪ್ಪಣೆ. ಮಸೀದಿಯೊಳಗೆ ಬಲಗಾಲು ಮೊದಲು ಇಡಬೇಕು. ಮೂರು ಮೆಟ್ಟಿಲನ್ನು ಎಡಗಾಲಿನಲ್ಲಿ ಹತ್ತಿ, ಹೊಸ್ತಿಲಲ್ಲಿ ನಿಂತು, ಇಬ್ಬರು ಹುಡುಗಿಯರ ಹೆಗಲು ಹಿಡಿದು ಕಾಲು ಬದಲಾಯಿಸಿದೆ. ಹಿಂದೆ ಹದಿನೈದು ಜನ ಕಾದು ನಿಂತಿದ್ದರು. ಒಳಗೆ ಕುರ್ಚಿ ಹಾಕಿಸಿಕೊಂಡೆ. ಆವತ್ತು ನಕ್ಕಿದ್ದವರಲ್ಲಿ ಅರ್ಧ ಜನ ಅಲ್ಲೇ ಇದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಒಬ್ಬಳು ಮಾತ್ರ ಪಕ್ಕದವಳ ಕಿವಿಯಲ್ಲಿ, "ಗಜಕಡ್ಡೀನೂ ಮಡಚುತ್ತೆ ಕಣೇ," ಎಂದಳು. ಕಾಲು ಹೋದರೂ ಕಿವಿ ಚುರುಕಾಗಿದೆ ನನಗೆ. ನಮಾಜಿಗೆ ಮೊದಲು ತಿರುಗಿ ಕೂತು ಅವರಿಗೆಲ್ಲ ಹೇಳಿದೆ: ನಾಲ್ಕು ವರ್ಷದ ಹಿಂದೆ ಇಲ್ಲಿ ನನ್ನ ತಂಗಿಗೆ ಒಂದು ಮಾತು ಅಂದಿದ್ದೆ, ಅದು ತಪ್ಪು ಮಾತು, ನನಗೆ ತಪ್ಪು ಎಂದು ಗೊತ್ತಾಗಿ ನಾಲ್ಕು ವರ್ಷವೇ ಆಗಿದೆ. ಎಲ್ಲರ ಮುಂದೆ ಅಂದದ್ದನ್ನು ಎಲ್ಲರ ಮುಂದೆಯೇ ಹಿಂತೆಗೆದುಕೊಳ್ಳಬೇಕಲ್ಲ.

ಆದರೆ ಅದು ನಿನಗೆ ಮುಟ್ಟಲಿಲ್ಲ. ಅಲ್ಲಾಹನಿಗೆ ಸಲ್ಲಬೇಕಾದದ್ದರಲ್ಲಿ ತಪ್ಪಿದರೆ ಅವನು ಕ್ಷಮಿಸುತ್ತಾನೆ. ಮನುಷ್ಯರ ಮನಸ್ಸು ಮುರಿದರೆ ಆ ಮನುಷ್ಯರನ್ನೇ ಕೇಳಿಕೊಂಡು ಬಾ ಅನ್ನುತ್ತಾನೆ. ಇದನ್ನು ಕಸರತ್ತಮ್ಮನಿಗೂ ಹೇಳಿದೆ. "ಅದಕ್ಕೇನಾದ್ರೂ ರಿಯಾಯಿತಿ ಇದೆಯಾಮ್ಮಾ?" ಎಂದು ಕೇಳಿದಳು. ಅದೊಂದಕ್ಕೆ ಇಲ್ಲ ಎಂದೆ.

ಅದಕ್ಕೆ ಕೇಳುತ್ತಿದ್ದೇನೆ. ನಿನ್ನನ್ನು ಎಲ್ಲರ ಮುಂದೆ ನೋಯಿಸಿದೆ. ಸರಿಯಾದದ್ದು ಯಾವುದು ಎಂದು ತಿಳಿದ ಮೇಲೂ ಮುಚ್ಚಿಟ್ಟೆ. ಕ್ಷಮಿಸು. ಇದಕ್ಕೆ "ಆಗಿದ್ದರೆ" ಸೇರಿಸಿಲ್ಲ, ನೋಡು. ಕ್ಷಮಿಸಲೇಬೇಕು ಎಂದು ನಿನಗೆ ಕಡ್ಡಾಯವೇನೂ ಇಲ್ಲ. ಬೆನ್ನು ಹೇಗಿದೆ ಎಂದಾದರೂ ತಿಳಿಸು.

ನಿನ್ನ ಮೇಲೂ ಮನೆಯವರ ಮೇಲೂ ಅವನ ಕರುಣೆ ಇರಲಿ.

ನಿನ್ನ ಅಕ್ಕ

ಮತ್ತೆ: ಇಲ್ಲಿಂದ ಕೆಳಗೆ ಪೆನ್ಸಿಲ್ಲಿನಲ್ಲಿದೆ, ಇವತ್ತು ಗುರುವಾರ. ಪತ್ರವನ್ನು ಅಂಚೆಗೆ ಹಾಕಲು ಮನಸ್ಸಾಗಲಿಲ್ಲ. ನೇರ ಬಂದು ಹೇಳಲು ನನ್ನ ಬಾಯಿಯ ಮೇಲೆ ನನಗೆ ನಂಬಿಕೆಯಿಲ್ಲ, ಅದು ನಗು ಬೀಳುವ ಕಡೆಗೇ ಓಡುತ್ತದೆ. ಈಗ ನಿನ್ನ ಬಾಗಿಲು ತಟ್ಟಿ ಇದನ್ನು ಕೈಗೆ ಕೊಟ್ಟು, ಹಲ್ಲು ಬಿಟ್ಟುಕೊಂಡು ನಿಂತಿದ್ದಾಳಲ್ಲ, ಅವಳೇ ಕಸರತ್ತಮ್ಮ. ರಜೆ ಹಾಕಿ ತನ್ನ ಕಾರಿನಲ್ಲಿ ಕರೆದುಕೊಂಡು ಬಂದಿದ್ದಾಳೆ, ಮೊದಲು ಅವಳಿಗೆ ನೀರು ಕೊಡು. ನಾನು ನಿನ್ನ ಮಹಡಿಯ ಮೆಟ್ಟಿಲಿನ ತಿರುವಿನಲ್ಲಿ ಕೂತಿದ್ದೇನೆ. ಹನ್ನೊಂದು ಹತ್ತಿದ್ದೇನೆ, ಇನ್ನೂ ಹನ್ನೊಂದಿವೆ. ನಿನಗೆ ಮನಸ್ಸಿಲ್ಲದಿದ್ದರೆ ಬಾಗಿಲು ಹಾಕಿಕೋ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಒಂದೇ ತೊಂದರೆ: ಹತ್ತುವುದನ್ನಷ್ಟೇ ಅವಳು ಕಲಿಸಿದ್ದಾಳೆ, ಇಷ್ಟು ಮೆಟ್ಟಿಲು ಇಳಿಯುವುದನ್ನು ಮುಂದಿನ ವಾರ ಹೇಳಿಕೊಡುತ್ತಾಳಂತೆ.